ಚಿಗಳಿಯ ಜೊತೆಗೆ ನಾಲ್ಕು ಮಾತು

ಮಗಳು ದೊಡ್ಡವಳಾದಳೆಂದರೆ ಎಳ್ಳು-ಬೆಲ್ಲ ಕುಟ್ಟಿ ಚಿಗಳಿ ಕಟ್ಟುತ್ತೇವೆ, ಕೊಬ್ಬರಿ ತಿನ್ನಿಸುತ್ತೇವೆ, ಆರತಿ ಎತ್ತುತ್ತೇವೆ. ಹೇಳುವ ಮಾತು ಮಾತ್ರ ಒಂದೇ: "ಇನ್ಮೇಲೆ ಹುಷಾರಾಗಿರು ಪುಟ್ಟಿ." ಯಾತರಿಂದ ಹುಷಾರು? ಅವಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತಾಯಂದಿರೇ, ನಮ್ಮ ಕಡೆ ಮನೆಯಿಂದ ಮನೆಗೆ ಗುಡ್ಡ ಹತ್ತಿಳಿಯಬೇಕು. ಹೈಸ್ಕೂಲು, ಪಿಯುಸಿ ಎಂದರೆ ಬಸ್ಸು, ಇಲ್ಲವೇ ಪೇಟೆಯ ಹಾಸ್ಟೆಲು. ಹದಿನೈದಕ್ಕೇ ಹುಡುಗಿ ನಮ್ಮ ಕಣ್ಣಳತೆ ದಾಟುತ್ತಾಳೆ. ಹಿಂದೆಯೇ ಕಾವಲು ಹೋಗಲಾದೀತೇ? ಅವಳ ಜೊತೆ ಹೋಗುವುದು ತಿಳಿವಳಿಕೆಯೊಂದೇ.

ಆದ್ದರಿಂದ ಬಿಡಿಸಿ ಹೇಳಿ. ಮುಟ್ಟು ಶುರುವಾದ ಮೇಲೆ ಒಂದೇ ಸಲದ ದೇಹಸಂಪರ್ಕದಿಂದಲೂ ಗರ್ಭ ನಿಲ್ಲಬಹುದು. ಎಳೆಯ ಮೈಗೆ ಬಸಿರು ಭಾರ: ರಕ್ತಹೀನತೆ, ಏರುವ ರಕ್ತದೊತ್ತಡ, ಗರ್ಭನಂಜು, ತೂಕ ಕಡಿಮೆಯ ಕೂಸು. "ಬೇಡ" ಎನ್ನಲು ಯಾರಿಗೂ ಹೆದರಬೇಕಿಲ್ಲ ಎಂದೂ ಹೇಳಿ. ಗಂಡುಮಕ್ಕಳನ್ನೂ ಕೂರಿಸಿಕೊಂಡು ಹೇಳಿ. 18 ತುಂಬದ ಹುಡುಗಿಯ ಜೊತೆ ಸಂಪರ್ಕ, ಅವಳು ಒಪ್ಪಿದ್ದರೂ, 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ.

ಹೇಳಲು ನಾಲಿಗೆ ಏಳದಿದ್ದರೆ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಯಿರಿ. ಊರಿನ ಅಂಗನವಾಡಿಯಲ್ಲಿ ತಾಯಿ-ಮಗಳು ಒಟ್ಟಿಗೆ ಕೂತು ಕೇಳಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇವೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ.

ಅಕಸ್ಮಾತ್ ತಿಂಗಳು ತಪ್ಪಿದರೆ? ಹೊಡೆಯಬೇಡಿ, ಬಚ್ಚಿಡಬೇಡಿ, ಯಾರೋ ಹೇಳಿದ ನಾಟಿಮದ್ದು ಕುಡಿಸಲೇಬೇಡಿ, ಜೀವಕ್ಕೇ ಅಪಾಯ. ಹೊತ್ತು ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಪೋಷಕರ ಲಿಖಿತ ಒಪ್ಪಿಗೆಯಿದ್ದರೆ ಅಪ್ರಾಪ್ತೆಗೆ 24 ವಾರಗಳವರೆಗೆ ಗರ್ಭ ತೆಗೆಸಲು 2021ರ ತಿದ್ದುಪಡಿ ಕಾನೂನಿನಲ್ಲಿ ಅವಕಾಶವಿದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ವೈದ್ಯರು ಪೊಲೀಸರಿಗೆ ತಿಳಿಸಬೇಕಾಗುತ್ತದೆ, ನಿಜ. ಆದರೆ ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ಅವಳ ಹೆಸರು, ಗುರುತು ಹೇಳಬೇಕಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಇದೆ.

"ಮದುವೆ ಮಾಡಿಬಿಟ್ಟರೆ ಮುಗೀತಲ್ಲ" ಅನ್ನುವವರೂ ಇದ್ದಾರೆ. ಮುಗಿಯುವುದಿಲ್ಲ. ಹುಡುಗಿಗೆ 18 ತುಂಬುವ ಮೊದಲು ಮಾಡುವ ಮದುವೆ 2006ರ ಕಾಯ್ದೆಯ ಪ್ರಕಾರ ಅಪರಾಧ. ಕರ್ನಾಟಕದ ತಿದ್ದುಪಡಿಯಂತೆ ಅದು ಮೊದಲಿಂದಲೇ ಅಸಿಂಧು. ಓದೂ ಹೋಯಿತು, ಮೈಯೂ ಸೋತಿತು ಎಂದಾಗುವುದಷ್ಟೇ.

ಮುಂದಿನ ಸಲ ಚಿಗಳಿ ಕಟ್ಟುವಾಗ ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. "ಏನೇ ಆದರೂ ಮೊದಲು ನನಗೆ ಹೇಳು, ಬೈಯಲ್ಲ" ಅನ್ನಿ. ಅಂದ ಮೇಲೆ ಆ ಮಾತು ಉಳಿಸಿಕೊಳ್ಳಿ.