ಮುಡಿಯ ಹೂವು ಮನೆಗೂ ಬರಲಿ

ನಮ್ಮ ಮನೆಗಳಲ್ಲಿ ಹೂವಿಗೆ ಇರುವುದು ಎರಡೇ ಸ್ಥಾನ: ಒಂದು ದೇವರ ಅಡಿ, ಮತ್ತೊಂದು ಹೆಂಗಳೆಯರ ಮುಡಿ. ಹೂವಾಡಗಿತ್ತಿಯ ಬುಟ್ಟಿಯಿಂದ ಅಳೆದು ಕೊಂಡ ಮೊಳ ಮಲ್ಲಿಗೆಯಾಗಲಿ, ಹಿತ್ತಿಲಿನಲ್ಲಿ ಕೊಯ್ದ ಬೊಗಸೆ ದಾಸವಾಳವಾಗಲಿ, ಈ ಎರಡು ಕಡೆಗೆ ಹಂಚಿಹೋದ ಮೇಲೆ ಉಳಿದ ಕೋಣೆಗಳ ಪಾಲಿಗೆ ಬರುವುದು ಬಹುಮಟ್ಟಿಗೆ ಧೂಳು ಕುಳಿತ ಪ್ಲಾಸ್ಟಿಕ್ ಹೂವು. ತಾಜಾ ಹೂವನ್ನು ಕೋಣೆಯಲ್ಲಿರಿಸುವುದು ಸಿರಿವಂತರ ಬಂಗಲೆಗೆ ಒಪ್ಪುವ ಮಾತು, ನಮ್ಮಂಥವರಿಗಲ್ಲ ಎಂಬ ಭಾವನೆಯೂ ಇದರೊಡನೆ ಸೇರಿಕೊಂಡಿದೆ.

ಆದರೆ ಹೂವು ದೇವರೊಬ್ಬನಿಗೇ ಮೀಸಲೆಂಬುದನ್ನು ದೇವಾಲಯಗಳೇ ಒಪ್ಪುವುದಿಲ್ಲ. ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳಿಗೆ ಹೋದವರು ಇದನ್ನು ಕಣ್ಣಾರೆ ಕಾಣಬಹುದು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರು ನಿಂತಿರುವುದು ಎಲೆಬಳ್ಳಿಗಳ ಚಪ್ಪರದಡಿಯಲ್ಲಿ. ೧೧೨೧ರ ಸುಮಾರಿಗೆ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆ, ಸಿಂಹ, ಕುದುರೆಗಳ ಸಾಲುಗಳಿವೆ. ಅವುಗಳ ನಡುನಡುವೆ ಶಿಲ್ಪಿಯು ಬಳ್ಳಿಯ ಪಟ್ಟಿಕೆಗಳನ್ನು ಹರಿಯಬಿಟ್ಟಿದ್ದಾನೆ. ಆನೆ ಕುದುರೆಗಳ ಗದ್ದಲದಿಂದ ದಣಿದ ಕಣ್ಣು ಆ ಬಳ್ಳಿಯ ಮೇಲೆ ಒಂದು ಗಳಿಗೆ ವಿಶ್ರಮಿಸುವುದು. ೧೨೨೦ರ ಅರಸೀಕೆರೆಯ ಈಶ್ವರ ದೇವಾಲಯದ ಮುಂದಿನ ಮಂಟಪವಂತೂ ನಕ್ಷತ್ರದಾಕಾರದಲ್ಲಿ ಅರಳಿ ನಿಂತಿದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ೨೦೨೩ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಜಗತ್ತು ಮೆಚ್ಚಿದ ಈ ಕಟ್ಟಡಗಳಲ್ಲಿ ಗರ್ಭಗುಡಿಗೆ ಮಾತ್ರ ಹೂವು ಸಾಕೆಂದು ಶಿಲ್ಪಿಗಳು ಬಗೆಯಲಿಲ್ಲ. ಗೋಡೆಗೂ ಕಂಬಕ್ಕೂ ಅದರ ಪಾಲನ್ನು ಕೊಟ್ಟರು.

ಜಪಾನಿನ ಕಥೆಯೂ ಹೀಗೆಯೇ. ಅಲ್ಲಿನ ಪುಷ್ಪವಿನ್ಯಾಸ ಕಲೆಯ ಬೇರು ಬುದ್ಧನ ಪೀಠಕ್ಕೆ ಅರ್ಪಿಸುತ್ತಿದ್ದ ಹೂವಿನಲ್ಲಿದೆ. ಕ್ಯೋಟೋ ನಗರದ ರೊಕ್ಕಾಕುದೋ ದೇವಾಲಯದ ಅರ್ಚಕ ಪರಂಪರೆಯವರು ಅದನ್ನು ೧೫ನೆಯ ಶತಮಾನದ ಹೊತ್ತಿಗೆ ಒಂದು ಕಲೆಯಾಗಿ ಬೆಳೆಸಿದರು. ಪೀಠದಿಂದ ಅದು ಮನೆಯ ಕೋಣೆಗೆ ನಡೆದುಬಂದಿತು. ಮೂರೋ ನಾಲ್ಕೋ ಕಡ್ಡಿಗಳಲ್ಲಿ ಕೋಣೆಯನ್ನೇ ಬೆಳಗಿಸುವ ಆ ಕಲೆಯಿಂದ ನಾವು ಕಲಿಯಬೇಕಾದುದು ಮಿತವನ್ನು.

ಹೊಸಿಲು ಮತ್ತು ಪಡಸಾಲೆ

ದುಬಾರಿ ಹೂವನ್ನು ಹುಡುಕಿ ಹೋಗಬೇಕಾಗಿಲ್ಲ; ನೆಲ ಕೊಟ್ಟದ್ದನ್ನೇ ಬಳಸಬಹುದು. ಅರಸೀಕೆರೆ ಬಯಲುಸೀಮೆ, ಮಳೆ ಕಡಮೆ, ತೆಂಗು ಹೆಚ್ಚು. ಅಲ್ಲಿನ ಹಿತ್ತಿಲಿಗೆ ಕನಕಾಂಬರ, ಚೆಂಡುಹೂವು, ಕಾಕಡ, ನಂದಿಬಟ್ಟಲು ಒಗ್ಗುವುವು. ಅಕ್ಕಿ ತೊಳೆದ ನೀರಿನಲ್ಲಿಯೇ ನಾಲ್ಕು ಗಿಡಗಳನ್ನು ಸಾಕಿಕೊಳ್ಳಬಹುದು. ಬೇಲೂರು ಮಲೆನಾಡಿನ ಸೆರಗು. ಅಲ್ಲಿ ಮಳೆಗಾಲವೆಂದರೆ ಡೇರೆ ಹೂವಿನ ಕಾಲ, ಜೊತೆಗೆ ಸಂಪಿಗೆ, ಗುಲಾಬಿ. ಪರದೇಶದ ಹೂವೆಂದು ಸಂಕೋಚಪಡುವವರಿಗೆ ಒಂದು ಮಾತು: ನಮ್ಮ ತೋರಣದ ಚೆಂಡುಹೂವೂ ಮಲೆನಾಡಿನ ಡೇರೆಯೂ ಮೆಕ್ಸಿಕೋ ದೇಶದಿಂದ ಬಂದವು. ೧೯೬೩ರಲ್ಲಿ ಡೇರೆಯನ್ನು ಆ ದೇಶವು ತನ್ನ ರಾಷ್ಟ್ರೀಯ ಪುಷ್ಪವೆಂದು ಸಾರಿತು. ಸೇವಂತಿಗೆಯ ತವರು ಚೀನಾ. ನಮ್ಮ ಅಂಗಳಕ್ಕೆ ಬಂದು ನಮ್ಮವೇ ಆದ ಹೂವುಗಳಿವು.

ಹೊಸಿಲ ಬಳಿ ಅಗಲ ಬಾಯಿಯ ಹಿತ್ತಾಳೆಯ ಪಾತ್ರೆಯಲ್ಲಿ ನೀರು ತುಂಬಿ, ತೊಟ್ಟು ಕಿತ್ತ ದಾಸವಾಳ, ಚೆಂಡುಹೂವುಗಳನ್ನು ತೇಲಿಬಿಟ್ಟರೆ ಬಂದವರಿಗೆ ಅದೇ ಸ್ವಾಗತ. ಪಡಸಾಲೆಗೆ ಎತ್ತರದ ಹೂದಾನಿಯೊಂದು ಸಾಕು. ಐದಾರು ಡೇರೆ ಅಥವಾ ಸೇವಂತಿಗೆಯ ಕಡ್ಡಿಗಳನ್ನು ಏರುತಗ್ಗಾಗಿ ನಿಲ್ಲಿಸಿ, ನಡುವೆ ಒಂದೆರಡು ಹಸಿರು ಎಲೆಗಳನ್ನು ಸೇರಿಸಿದರೆ ಚೆಂದ. ಹೂದಾನಿಯ ಎತ್ತರಕ್ಕೆ ಸುಮಾರು ಒಂದೂವರೆ ಪಟ್ಟು ಎತ್ತರ ಹೂವಿನ ಕಡ್ಡಿಗಿದ್ದರೆ ಕಣ್ಣಿಗೆ ಹಿತ. ಹೊಂಬಾಳೆ ಬಲು ಸೊಗಸೆಂಬುದು ನಿಜ. ಆದರೆ ತೆಂಗಿನ ಹೊಂಬಾಳೆಯನ್ನು ಕಡಿದರೆ ಒಂದು ಗೊನೆಯನ್ನೇ ಕಳೆದುಕೊಂಡಂತೆ. ಅದು ಮದುವೆ ಮುಂಜಿಗಳಿಗೆ ಇರಲಿ.

ಊಟದ ಮನೆ, ಅಡುಗೆಯ ಮನೆ

ಊಟದ ಕಡೆ ಹೂವು ತಗ್ಗಾಗಿರಬೇಕು. ಎದುರು ಕುಳಿತವರ ಮುಖವನ್ನು ಅದು ಮರೆಮಾಡಬಾರದು. ಸುವಾಸನೆಯೂ ಮೆಲುವಾಗಿರಲಿ. ಸಾರಿನ ಒಗ್ಗರಣೆಯೊಡನೆ ಸುಗಂಧರಾಜ ಸ್ಪರ್ಧೆಗಿಳಿದರೆ ಎರಡೂ ಕೆಡುವುವು. ವಾಸನೆಯಿಲ್ಲದ ಕನಕಾಂಬರಕ್ಕೆ ಇದು ತಕ್ಕ ಸ್ಥಳ. ನಯವಾಗಿ ಉಜ್ಜಿದ ತೆಂಗಿನ ಕರಟದಲ್ಲಿ ಅದರ ಹಿಡಿಗೊಂಚಲನ್ನಿಟ್ಟು ನೋಡಿರಿ. ಬೆಳ್ಳಿಯ ಬಟ್ಟಲು ನೆನಪಾಗುವುದಿಲ್ಲ. ಕಣಗಿಲೆಯನ್ನು ಮಾತ್ರ ಊಟದ ಹತ್ತಿರಕ್ಕಾಗಲಿ, ಮಕ್ಕಳ ಕೈಗೆಟಕುವಲ್ಲಿಗಾಗಲಿ ತರಬಾರದು. ಅದರ ಎಲೆ, ಹೂವು, ರೆಂಬೆ ಎಲ್ಲವೂ ವಿಷ.

ದಿನದ ಬಹುಭಾಗವನ್ನು ಗೃಹಿಣಿ ಕಳೆಯುವುದು ಅಡುಗೆಯ ಮನೆಯಲ್ಲಿ. ಹೂವು ಹೋಗದಿರುವುದೂ ಅಲ್ಲಿಗೇ. ಒಲೆಯ ಬಿಸಿ ತಾಗದ ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟದಲ್ಲಿ ನಂದಿಬಟ್ಟಲಿನ ರೆಂಬೆಯೊಂದಿದ್ದರೆ ಅಕ್ಕಿ ಆರಿಸುವ ಕಣ್ಣಿಗೆ ಎಷ್ಟೋ ತಂಪು.

ಮಲಗುವ ಕೋಣೆ

ಇಲ್ಲಿ ಎಚ್ಚರ ಬೇಕು. ಸುಗಂಧರಾಜದ ಪರಿಮಳ ರಾತ್ರಿ ಇಮ್ಮಡಿಯಾಗುವುದು. ಉಬ್ಬಸವುಳ್ಳವರಿಗೂ ತಲೆನೋವಿನವರಿಗೂ ಅದು ಹಿತವಲ್ಲ. ಸಂಜೆ ಬಿರಿಯುವ ಮಲ್ಲಿಗೆಯ ನಾಲ್ಕು ಮೊಗ್ಗುಗಳು ಒಂದು ತಟ್ಟೆಯಲ್ಲಿದ್ದರೆ ಸಾಕು. ಬೆಳಗಿನ ಜಾವ ಉದುರುವ ಪಾರಿಜಾತ ಮಧ್ಯಾಹ್ನದ ಹೊತ್ತಿಗೆ ಬಾಡುವುದು. ಆ ಅಲ್ಪಾಯುಸ್ಸಿಗಾಗಿಯೇ ಅದನ್ನು ಏಳುವ ಮಕ್ಕಳ ಕಣ್ಣಿಗೆ ಬೀಳುವಲ್ಲಿ ಇರಿಸಬೇಕು. ಬಟ್ಟೆಯ ಪೆಟ್ಟಿಗೆಗೆ ಕೇದಗೆಯ ಗರಿಯನ್ನು ಹಾಕುತ್ತಿದ್ದ ನಮ್ಮ ಹಿರಿಯರ ಜಾಣ್ಮೆಯನ್ನೂ ಮರೆಯದಿರೋಣ.

ಬಾಳಿಕೆಯ ಗುಟ್ಟು

ಹೂವನ್ನು ಬಿಸಿಲೇರುವ ಮೊದಲು ಅಥವಾ ಬಿಸಿಲಿಳಿದ ಮೇಲೆ ಕೊಯ್ಯಬೇಕು. ಕಡ್ಡಿಯ ತುದಿಯನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿದರೆ ಅದು ಹೂದಾನಿಯ ತಳಕ್ಕೆ ಚಪ್ಪಟೆಯಾಗಿ ಅಂಟದು, ನೀರನ್ನು ಸಲೀಸಾಗಿ ಹೀರುವುದು. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆದುಬಿಡಬೇಕು. ಅವು ಕೊಳೆತರೆ ಹೂವಿನ ಆಯುಸ್ಸು ಅರ್ಧಕ್ಕಿಳಿಯುವುದು. ದಿನವೂ ನೀರು ಬದಲಾಯಿಸಿ, ಎರಡು ದಿನಕ್ಕೊಮ್ಮೆ ತುದಿಯನ್ನು ಮತ್ತೆ ತುಸು ಕತ್ತರಿಸಿರಿ. ಬಾಳೆಹಣ್ಣಿನ ಚಿಪ್ಪಿನ ಪಕ್ಕದಲ್ಲಿ ಹೂದಾನಿಯನ್ನು ಇಡಬಾರದು. ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಎಂಬ ಅನಿಲ ಹೂವನ್ನು ಬೇಗ ಮುಪ್ಪಾಗಿಸುವುದು. ನೆಟ್ಟಬಿಸಿಲು, ಫ್ಯಾನಿನ ಗಾಳಿಗಳೂ ಹೂವಿಗೆ ಶತ್ರುಗಳೇ. ಬಾಡಿದ ಹೂವನ್ನು ಮೋರಿಗೆಸೆಯದೆ ಗಿಡದ ಬುಡಕ್ಕೆ ಹಾಕಿದರೆ ಮುಂದಿನ ಹೂವಿಗೆ ಅದೇ ಗೊಬ್ಬರ.

ಹೂವಿನ ಪಾಲು ತಪ್ಪಿದವರು

ಕೋಣೆಗಳ ಮಾತು ಮುಗಿದರೂ ಮನೆಯ ಮಾತು ಮುಗಿಯಲಿಲ್ಲ. ಹಲವು ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ಅಜ್ಜಿಯೋ ಸೋದರತ್ತೆಯೋ ಇರುತ್ತಾರೆ. ಬಾಳೆನಾರನ್ನು ನೆನೆಸಿ ಮನೆಮಂದಿಗೆಲ್ಲ ಹೂಕಟ್ಟುವವರು ಅವರೇ. ಒತ್ತಾಗಿ ಹೂವು ಹೆಣೆಯುವ ಅವರ ಬೆರಳುಗಳ ಚಳಕ ಬೇರೆಯವರಿಗೆ ಬಾರದು. ಆದರೆ ಕಟ್ಟಿದ ಮಾಲೆಯಿಂದ ಒಂದು ಎಸಳೂ ಅವರ ಪಾಲಿಗಿಲ್ಲ. ಹುಟ್ಟಿದ ಹೆಣ್ಣುಕೂಸಿಗೆ ಮೊದಲು ಮುಡಿಸಿದ್ದು ತವರಿನ ಹೂವು. ಅದನ್ನು ಗಂಡನೊಡನೆ ಕಳುಹಿಸಿಬಿಡುವುದು ಎಲ್ಲಿಯ ನ್ಯಾಯ?

ಕಾಲ ಮೆಲ್ಲನೆ ಬದಲಾಗುತ್ತಿದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ೨೦೧೩ರಲ್ಲಿ ಇಬ್ಬರು ವಿಧವೆಯರಿಗೆ ಅರ್ಚಕರ ಸ್ಥಾನವನ್ನೇ ನೀಡಲಾಯಿತು. ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮವು ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಗಳನ್ನು ೨೦೨೨ರಲ್ಲಿ ಠರಾವು ಮಾಡಿ ಕೈಬಿಟ್ಟಿತು. ದೇವಾಲಯವೂ ಗ್ರಾಮವೂ ಮಾಡಿದ್ದನ್ನು ಮನೆ ಮಾಡಲಾರದೆ?

ಮುಡಿಯ ಪ್ರಶ್ನೆಯನ್ನು ಅವರವರ ಇಷ್ಟಕ್ಕೇ ಬಿಡೋಣ. ಬಲವಂತದಿಂದ ಮುಡಿಸಿದ ಹೂವೂ ಭಾರವೇ. ಆದರೆ ಕೋಣೆಯ ಹೂವಿಗೆ ಮೈಲಿಗೆಯಿಲ್ಲ, ಮುತ್ತೈದೆತನದ ಲೆಕ್ಕವಿಲ್ಲ. ಮುಡಿಯ ಹೂವು ಒಬ್ಬರದು, ಹೂದಾನಿಯ ಹೂವು ಎಲ್ಲರದು. ಹಾಸಿಗೆ ಹಿಡಿದ ಮಾವನವರಿಗೆ, ಪರೀಕ್ಷೆಗೆ ಓದುವ ಹುಡುಗನಿಗೆ, ಹೂವಿನ ಪಾಲು ತಪ್ಪಿದ ಅಜ್ಜಿಗೆ, ಎಲ್ಲರಿಗೂ ಅದು ಸಮನಾಗಿ ಅರಳುವುದು. ಆದುದರಿಂದ ಗೃಹಿಣಿಯರೇ, ನಾಳೆ ಹೂವು ಕೊಳ್ಳುವಾಗ ಇಲ್ಲವೇ ಕೊಯ್ಯುವಾಗ ಒಂದು ಹಿಡಿಯನ್ನು ಬೇರೆ ತೆಗೆದಿಡಿರಿ. ಪಡಸಾಲೆಗಿಂತ ಮೊದಲು ಅದು ಅಜ್ಜಿಯ ಕೋಣೆಯ ಕಿಟಕಿಗೆ ಹೋಗಲಿ. ಯಾವ ಹೂವು ಬೇಕೆಂದು ಅವರನ್ನೇ ಕೇಳಿರಿ. ಎಷ್ಟೋ ವರ್ಷಗಳಿಂದ ಅವರನ್ನು ಆ ಪ್ರಶ್ನೆ ಯಾರೂ ಕೇಳಿರಲಾರರು.