ಛಾಯಾಗ್ರಾಹಕ ವಿ.ಕೆ. ಮೂರ್ತಿ: ಕಸುಬು ಮತ್ತು ಹೆಸರು

ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ದಾಸೋಜ, ಚಾವಣ ಮೊದಲಾದ ರೂವಾರಿಗಳ ಹೆಸರುಗಳು ಕೆತ್ತಲ್ಪಟ್ಟಿವೆ. ಹಳೇಬೀಡಿನಲ್ಲಿಯೂ ಇಂತಹ ಸಹಿಗಳುಂಟು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ ಮಲ್ಲಿತಮ್ಮನ ಹೆಸರು ದೊರೆಯುತ್ತದೆ. ಆದರೆ ಜನಪದ ಐತಿಹ್ಯವು ಉಳಿಸಿಕೊಂಡಿರುವುದು ಈ ಸಹಿಗಳಲ್ಲಿ ಕಾಣದ ಜಕಣಾಚಾರಿಯ ಹೆಸರನ್ನು. ಹಲವರ ಕೈಕೆಲಸ ಒಂದೇ ಹೆಸರಿನಡಿ ಸೇರಿಹೋಗುವ ಈ ಪ್ರಕ್ರಿಯೆ ಐತಿಹ್ಯಕ್ಕಷ್ಟೇ ಸೀಮಿತವಲ್ಲ. ಸಾಮೂಹಿಕ ಕಲೆಯಾದ ಚಲನಚಿತ್ರದಲ್ಲಿಯೂ ಅದು ನಡೆಯುತ್ತದೆ ಎಂಬುದಕ್ಕೆ ಕನ್ನಡಿಗ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ವೃತ್ತಿಜೀವನ ಉತ್ತಮ ನಿದರ್ಶನ.

1923ರಲ್ಲಿ ಮೈಸೂರಿನಲ್ಲಿ ಜನಿಸಿದ ಮೂರ್ತಿಯವರು ಪಿಟೀಲು ವಾದನವನ್ನೂ ಬಲ್ಲವರಾಗಿದ್ದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ವ್ಯಾಸಂಗ ಮಾಡಿ, 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿ ಸೇರಿದರು. ‘ಬಾಜಿ’ (1951) ಚಿತ್ರದಲ್ಲಿ ಸಹಾಯಕರಾಗಿದ್ದಾಗ ಅವರ ಕೌಶಲ ಗುರುದತ್ತರ ಗಮನ ಸೆಳೆಯಿತು. ಮರುವರ್ಷದ ‘ಜಾಲ್’ನಿಂದ ‘ಪ್ಯಾಸಾ’ (1957) ಮೊದಲ್ಗೊಂಡು ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ವರೆಗೆ ಈ ಒಡನಾಟ ಮುಂದುವರಿಯಿತು.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ (1959) ಅವರ ಕಸುಬಿನ ಶಿಖರ. ಸಿನಿಮಾಸ್ಕೋಪ್‌ನಲ್ಲಿ ಮಸೂರವು ವಿಶಾಲ ದೃಶ್ಯವನ್ನು ಅಡ್ಡಗಲಕ್ಕೆ ಕುಗ್ಗಿಸಿ ಫಿಲ್ಮಿನ ಮೇಲೆ ಮೂಡಿಸುತ್ತದೆ. ಪ್ರದರ್ಶನದಲ್ಲಿ ಮತ್ತೊಂದು ಮಸೂರ ಅದನ್ನು ಹಿಗ್ಗಿಸುತ್ತದೆ. ಆ ಅಗಲವಾದ ಕತ್ತಲನ್ನು ಸೀಳುವ ಪ್ರಖ್ಯಾತ ಬೆಳಕಿನ ಕೋಲಿಗೆ ಮೂರ್ತಿಯವರು ಬಳಸಿದ್ದು ಸೂರ್ಯನ ಬಿಸಿಲನ್ನೇ. ಹೊರಗಿನ ದೊಡ್ಡ ಕನ್ನಡಿ ಹಿಡಿದ ಬಿಸಿಲನ್ನು ಸ್ಟುಡಿಯೋದ ಒಳಗೆ ಎತ್ತರದಲ್ಲಿರಿಸಿದ ಇನ್ನೊಂದು ಕನ್ನಡಿಯ ಮೂಲಕ ಕೆಳಗಿಳಿಸಲಾಯಿತು. ದೀಪದ ಕಿರಣಗಳು ದೂರ ಸಾಗಿದಂತೆ ಹರಡುತ್ತವೆ. ಬಿಸಿಲಿನ ಕಿರಣಗಳು ಬಹುಮಟ್ಟಿಗೆ ಸಮಾನಾಂತರವಾಗಿರುವುದರಿಂದ ಆ ಕೋಲಿಗೆ ಸ್ಪಷ್ಟವಾದ ಅಂಚು ಒದಗಿತು.

‘ಸಾಹಿಬ್ ಬೀಬಿ ಔರ್ ಗುಲಾಮ್’ನ ನೃತ್ಯದೃಶ್ಯವೊಂದರಲ್ಲಿ ಮುಖ್ಯ ನರ್ತಕಿಗೆ ಮಾತ್ರ ಬೆಳಕು ನೀಡಿ, ಹಿಂದಿನ ನರ್ತಕಿಯರನ್ನು ನೆರಳಾಗಿಯೇ ಉಳಿಸಲಾಗಿದೆ. ಹಿನ್ನೆಲೆಯ ಮುಖಗಳು ಗುರುದತ್ತರಿಗೆ ಒಪ್ಪಿಗೆಯಾಗದಿದ್ದ ಒಂದು ವ್ಯಾವಹಾರಿಕ ತೊಡಕಿಗೆ ಮೂರ್ತಿಯವರು ಕಂಡುಕೊಂಡ ಪರಿಹಾರವೇ ಮುಂದೆ ಸೌಂದರ್ಯವೆನಿಸಿತು. ಕಲ್ಲಿನ ದೋಷವನ್ನೇ ಅಲಂಕಾರವಾಗಿಸುವ ರೂವಾರಿಯ ವಿವೇಕಕ್ಕೆ ಇದು ಸಮೀಪವಾದುದು. ಇವೆರಡೂ ಚಿತ್ರಗಳು ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ತಂದುಕೊಟ್ಟವು.

ಗೋವಿಂದ ನಿಹಲಾನಿಯವರು ಅವರಲ್ಲಿ ಸಹಾಯಕರಾಗಿ ಪಳಗಿದವರು. ಕನ್ನಡದಲ್ಲಿ ಮೂರ್ತಿಯವರು ‘ಹೂವು ಹಣ್ಣು’ (1993) ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ‘ಕಾಗಜ್ ಕೆ ಫೂಲ್’ ತೆರೆಕಂಡು ಆ ವೇಳೆಗೆ ಸುಮಾರು ಐದು ದಶಕಗಳಾಗಿದ್ದವು. 2014ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.

ಇಷ್ಟಾದರೂ ಮೇಲಿನ ದೃಶ್ಯಗಳು ಇಂದಿಗೂ ‘ಗುರುದತ್ತರ ಬೆಳಕು’ ಎಂದೇ ಸ್ಮರಿಸಲ್ಪಡುವುದುಂಟು. ನಿರ್ದೇಶಕರ ಕಲ್ಪನೆಯನ್ನು ಕಡೆಗಣಿಸದೆ, ಅದನ್ನು ಕಾಣುವಂತೆ ಮಾಡಿದ ಕೈಯನ್ನು ಗುರುತಿಸುವುದು ಅಗತ್ಯ. ಹೊಯ್ಸಳರ ರೂವಾರಿಗೆ ತನ್ನ ಹೆಸರನ್ನು ಬರೆದುಕೊಳ್ಳಲು ಕಲ್ಲಿತ್ತು. ಬೆಳಕಿನಲ್ಲಿ ಕೆಲಸ ಮಾಡುವವನಿಗೆ ಆ ಅನುಕೂಲವಿಲ್ಲ. ಆದುದರಿಂದ ಆತನ ಹೆಸರನ್ನು ದಾಖಲಿಸುವ ಹೊಣೆ ಅಧ್ಯಯನಕಾರರದಾಗುತ್ತದೆ.