ವಿಮೆಯಿದ್ದರೂ ಸಾಲವೇಕೆ?

ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಬಳಿಗೆ ಆಸ್ಪತ್ರೆಯ ಬಿಲ್ಲು ಹಿಡಿದು ಬರುವವರಲ್ಲಿ ಆರೋಗ್ಯ ವಿಮೆಯುಳ್ಳ ಕುಟುಂಬಗಳೂ ಇರಬಹುದು. ವಿಮೆಯಿದ್ದರೂ ಈ ಸಂಕಷ್ಟವೇಕೆ? ಅನೇಕ ವೇಳೆ ಕಾರಣ ಕೊಠಡಿಯ ಬಾಡಿಗೆ.

ಹಲವು ಪಾಲಿಸಿಗಳು ದಿನದ ಬಾಡಿಗೆಯನ್ನು ವಿಮಾ ಮೊತ್ತದ ಶೇಕಡಾ 1ಕ್ಕೆ ಮಿತಿಗೊಳಿಸುತ್ತವೆ. 3 ಲಕ್ಷದ ಪಾಲಿಸಿಗೆ 3,000 ರೂಪಾಯಿ. ನೋಡಲು ಬರುವ ನೆಂಟರೆದುರು ಮರ್ಯಾದೆಯ ಪ್ರಶ್ನೆಯೆಂದು ನಾವು 6,000 ರೂಪಾಯಿಯ ಕೊಠಡಿ ಹಿಡಿಯುತ್ತೇವೆ. ಆಗ ಬಾಡಿಗೆಯ ವ್ಯತ್ಯಾಸವನ್ನಷ್ಟೇ ತೆತ್ತರೆ ಮುಗಿಯುವುದಿಲ್ಲ. ಕೊಠಡಿ ಮೇಲೇರಿದಂತೆ, ವೈದ್ಯರು ಅವರೇ ಆಗಿದ್ದರೂ, ಅನೇಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಶುಲ್ಕವೂ ಏರುತ್ತದೆ. ಆದುದರಿಂದ ವಿಮಾ ಸಂಸ್ಥೆಯು ಅದನ್ನೂ ಅದೇ ಅನುಪಾತದಲ್ಲಿ, ಎಂದರೆ ಅರ್ಧದಷ್ಟು, ಕಡಿತಗೊಳಿಸಬಹುದು. ವೈದ್ಯರ, ದಾದಿಯರ ಶುಲ್ಕ ಸೇರಿ 1 ಲಕ್ಷವಾದರೆ 50,000 ನಮ್ಮ ತಲೆಗೆ.

ಔಷಧ, ದೇಹದೊಳಗೆ ಅಳವಡಿಸುವ ಸಾಧನ, ರೋಗಪತ್ತೆ ಪರೀಕ್ಷೆ ಹಾಗೂ ತೀವ್ರ ನಿಗಾ ಘಟಕದ ವೆಚ್ಚಗಳಿಗೆ ಈ ಕಡಿತವನ್ನು ಅನ್ವಯಿಸಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ವಿಧಿಸಿತು. ಕೊಠಡಿಗೊಂದು ದರವಿಲ್ಲದ ಆಸ್ಪತ್ರೆಗಳಲ್ಲಿಯೂ ಅದು ಸಲ್ಲದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಮಾತು ಬೇರೆ. ಅಲ್ಲಿ ಚಿಕಿತ್ಸೆಯ ದರವನ್ನು ಸರ್ಕಾರವೇ ಮೊದಲು ನಿಗದಿಪಡಿಸಿರುತ್ತದೆ.

ರೋಗಿಯನ್ನು ದಾಖಲಿಸುವಾಗ ಮನೆಯವರು ಪಾಲಿಸಿಯ ಬಾಡಿಗೆ ಮಿತಿಯನ್ನು ತೋರಿಸಿ, ಅದರೊಳಗಿನ ಕೊಠಡಿಯನ್ನೇ ಕೇಳಲಿ. ಆ ದಿನ ಅದು ಖಾಲಿಯಿಲ್ಲದಿದ್ದರೆ, ತೆರವಾದೊಡನೆ ಸ್ಥಳಾಂತರಿಸುವಂತೆ ಬರೆದು ಕೊಡಲಿ.